ಪದ್ಮ ಪ್ರಶಸ್ತಿಗೆ ಮನವಿ ಪತ್ರ ಸಾಲದು, ನಾಮನಿರ್ದೇಶನ ಬೇಕು

ಮಾನ್ಯ ಸಂಪಾದಕರೇ,

ಜನವರಿ 25ರ ಸಂಜೆ ಪದ್ಮ ಪ್ರಶಸ್ತಿಯ ಪಟ್ಟಿ ಹೊರಬಿದ್ದರೆ ಮರುದಿನ ಧ್ವಜಾರೋಹಣದ ಮೈದಾನದಲ್ಲೇ ನಮ್ಮ ಕಡೆ ಮಾತು ಶುರುವಾಗುತ್ತದೆ: ‘ದೆಹಲಿಯವರಿಗೆ ಕೊಪ್ಪಳ, ರಾಯಚೂರು, ಬಳ್ಳಾರಿ ಕಣ್ಣಿಗೇ ಬೀಳಲ್ಲ.’ ಫೆಬ್ರುವರಿಯಲ್ಲಿ ನಾಲ್ಕಾರು ಸಂಘಟನೆಗಳು ತಹಶೀಲ್ದಾರ್ ಕಚೇರಿಗೆ ಹೋಗಿ, ಇಂಥವರಿಗೆ ಪದ್ಮಶ್ರೀ ಕೊಡಬೇಕು ಎಂದು ಮನವಿ ಸಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತವೆ. ಬೇಸಿಗೆಯಲ್ಲಿ ನಾಮನಿರ್ದೇಶನ ಶುರುವಾಗುವ ಹೊತ್ತಿಗೆ ಆ ಸಿಟ್ಟು ತಣ್ಣಗಾಗಿರುತ್ತದೆ. ದೆಹಲಿಯನ್ನು ಬೈಯುವ ಮುನ್ನ ನಮ್ಮ ಕಡೆಯಿಂದ ಅಲ್ಲಿಗೆ ಏನು ಹೋಗಿದೆ ಎಂದು ನೋಡಿಕೊಳ್ಳಬೇಕಲ್ಲವೇ?

ಪದ್ಮ ಪ್ರಶಸ್ತಿಗೆ ದಾರಿ ಒಂದೇ. ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ (ಅವಾರ್ಡ್ಸ್ ಡಾಟ್ ಗೌ ಡಾಟ್ ಇನ್) ನಾಮನಿರ್ದೇಶನ ಸಲ್ಲಿಸಬೇಕು. ಶಾಸಕರು, ಸಂಸದರೇ ಸೂಚಿಸಬೇಕೆಂಬ ನಿಯಮವಿಲ್ಲ. ಯಾವ ನಾಗರಿಕರಾದರೂ ಹೆಸರು ಸೂಚಿಸಬಹುದು, ತಮ್ಮ ಹೆಸರನ್ನು ತಾವೇ ಸೂಚಿಸಿಕೊಂಡರೂ ತಪ್ಪಿಲ್ಲ. ಶುಲ್ಕ ಒಂದು ಪೈಸೆಯೂ ಇಲ್ಲ. ‘ದೆಹಲಿಯಲ್ಲಿ ನಮ್ಮವರಿದ್ದಾರೆ, ಫೈಲ್ ಮುಂದಕ್ಕೆ ತಳ್ಳಿಸುತ್ತೇವೆ’ ಎಂದು ದುಡ್ಡು ಕೇಳುವವರು ಸಿಕ್ಕರೆ ಅದು ಮೋಸವೇ. ಮೊದಲು ರಾಜ್ಯೋತ್ಸವ ಪ್ರಶಸ್ತಿ ಬಂದಿರಬೇಕು, ಆಮೇಲೆ ಪದ್ಮ ಎಂಬ ಕಟ್ಟೆ ಮಾತಿಗೂ ಆಧಾರವಿಲ್ಲ. ರಾಜ್ಯೋತ್ಸವ ಪ್ರಶಸ್ತಿಗೆ 5 ಲಕ್ಷ ರೂಪಾಯಿ, 25 ಗ್ರಾಂ ಚಿನ್ನದ ಪದಕ ಇದೆ. ಪದ್ಮಕ್ಕೆ ಬಿಡಿಗಾಸೂ ಇಲ್ಲ, ರೈಲು–ವಿಮಾನದ ರಿಯಾಯಿತಿಯೂ ಇಲ್ಲ. ರಾಷ್ಟ್ರಪತಿಗಳ ಸಹಿ, ಮುದ್ರೆ ಇರುವ ಸನದು, ಒಂದು ಪದಕ, ಸಮಾರಂಭಗಳಲ್ಲಿ ಧರಿಸಲು ಅದರ ಚಿಕ್ಕ ಪ್ರತಿಕೃತಿ, ಇಷ್ಟೇ. ಇಳಿವಯಸ್ಸಿನ ಬಡ ಕಲಾವಿದರಿಗೆ ಇದನ್ನು ಮೊದಲೇ ಬಿಡಿಸಿ ಹೇಳಬೇಕು. ದುಡ್ಡು ಬರುತ್ತದೆ ಎಂದು ಕಾದು ಕೂತು ನೊಂದುಕೊಳ್ಳುವುದು ತಪ್ಪುತ್ತದೆ.

ದಿನಾಂಕದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. 2025ರ ಪ್ರಶಸ್ತಿಗೆ 2024ರ ಮೇ 1ರಿಂದ ಸೆಪ್ಟೆಂಬರ್ 15ರವರೆಗೆ ಅವಕಾಶವಿತ್ತು. 2026ರ ಪ್ರಶಸ್ತಿಗೆ 2025ರ ಮಾರ್ಚ್ 15ಕ್ಕೇ ಶುರುವಾಗಿ, ಮೊದಲು ಪ್ರಕಟಿಸಿದ ಕೊನೆಯ ದಿನ ಜುಲೈ 31 ಆಗಿತ್ತು. ಗಣೇಶ ಹಬ್ಬ ಮುಗಿಯಲಿ, ಆಮೇಲೆ ನೋಡೋಣ ಎಂದವರಿಗೆ ದಿನ ಮೀರಿತು. ಹಳೆಯ ದಿನಾಂಕ ನಂಬದೆ ಪ್ರತಿ ವರ್ಷ ಮಾರ್ಚ್ ಮೊದಲ ವಾರದಿಂದಲೇ ಪೋರ್ಟಲ್ ನೋಡುತ್ತಿರಬೇಕು.

ಇನ್ನು ಅರ್ಜಿಯ ಜೀವಾಳ: 800 ಪದ ಮೀರದ ಸಾಧನೆಯ ವಿವರಣೆ. ನಮ್ಮ ಭಾಗದ ಅರ್ಜಿಗಳು ಕೆಡುವುದು ಇಲ್ಲಿಯೇ. ‘ಕಲಾ ಸರಸ್ವತಿಯ ವರಪುತ್ರಿ’, ‘ನಾಡು ಕಂಡ ಅಪರೂಪದ ಚೇತನ’ ಎಂದು ಸನ್ಮಾನಪತ್ರದ ಒಕ್ಕಣೆಯಲ್ಲೇ ಅರ್ಧ ತುಂಬಿಸಿ, ಉಳಿದರ್ಧದಲ್ಲಿ ಯಾವ ಊರಲ್ಲಿ ಶಾಲು ಹೊದಿಸಿದರು, ಯಾವ ಮಂತ್ರಿ ಹಾರ ಹಾಕಿದರು ಎಂದು ಪಟ್ಟಿ ಕೊಡುತ್ತಾರೆ. ಓದುವ ಸಮಿತಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಕ್ಷೇತ್ರದಲ್ಲಿ ಶ್ರೇಷ್ಠರಾಗಿದ್ದರಷ್ಟೇ ಸಾಲದು, ಅದಕ್ಕೂ ಮಿಗಿಲಾದದ್ದು ಇರಬೇಕು, ಸಾರ್ವಜನಿಕ ಸೇವೆಯ ಅಂಶ ಇರಬೇಕು ಎಂಬುದು ಪದ್ಮದ ಮಾನದಂಡ. ಆ ‘ಮಿಗಿಲು’ ಯಾವುದೆಂದು ಬರೆದು ತೋರಿಸಬೇಕು.

ತೊಗಲುಗೊಂಬೆಯವರ ಅರ್ಜಿ ಎಂದುಕೊಳ್ಳಿ. ಎಷ್ಟನೇ ವಯಸ್ಸಿನಿಂದ ಆಡಿಸುತ್ತಿದ್ದಾರೆ, ಮನೆಯಲ್ಲಿ ಇವರು ಎಷ್ಟನೇ ತಲೆಮಾರು, ಹಳೆಯ ಗೊಂಬೆ ಎಷ್ಟು ಉಳಿದಿವೆ, ಚರ್ಮ ಹದ ಮಾಡಿ ಬಣ್ಣ ಹಾಕುವುದು ಇವರಿಗೇ ಬರುತ್ತದೆಯೇ, ರಾಮಾಯಣ–ಮಹಾಭಾರತದ ಯಾವ ಪ್ರಸಂಗಗಳು ಬಾಯಲ್ಲಿವೆ, ಒಂದು ಆಟ ಎಷ್ಟು ತಾಸು, ಯಾರಿಗೆ ಕಲಿಸಿದ್ದಾರೆ, ಕಲಿತವರಲ್ಲಿ ಈಗಲೂ ಆಡಿಸುವವರು ಎಷ್ಟು ಮಂದಿ. ಇವುಗಳಿಗೆ ಉತ್ತರ ಬರೆದರೆ 800 ಪದ ಸಾಲುವುದಿಲ್ಲ. ಅವರ ಪರಿಚಯಕ್ಕೆ 100 ಪದ, ಕೆಲಸಕ್ಕೆ 400, ಅದರಿಂದ ಜನರಿಗೆ ಆದದ್ದಕ್ಕೆ 200, ಹಿಂದೆ ಬಂದ ಪ್ರಶಸ್ತಿಗಳಿಗೆ ಕೊನೆಯಲ್ಲಿ 50 ಇಟ್ಟುಕೊಂಡರೆ ಹದವಾಗಿರುತ್ತದೆ. ಓದುವವರಿಗೆ ಕನ್ನಡ ಗೊತ್ತಿರಬೇಕೆಂದಿಲ್ಲವಾದ್ದರಿಂದ ‘ಕಿಳ್ಳೇಕ್ಯಾತ’ (ತೊಗಲುಗೊಂಬೆ ಆಡಿಸುವ ಸಮುದಾಯ), ‘ಬುರ್ರಕಥೆ’ (ಹಾಡುತ್ತಾ ಹೇಳುವ ಜನಪದ ಕಥೆ), ‘ಚೌಡಿಕೆ’ (ತಂತಿಯ ಜನಪದ ವಾದ್ಯ) ಎಂದಾಗ ಅದೇನೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಬೇಕು.

ಕ್ಷೇತ್ರದ ಆಯ್ಕೆಯಲ್ಲೂ ತಪ್ಪುತ್ತದೆ. ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಒಬ್ಬರು ತಾವೇ ಅಪರೂಪದ ಕುಸುರಿ ಮಾಡುತ್ತಿದ್ದರೆ ಅದು ಕಲೆ. ತಾಂಡಾದ ಹೆಂಗಸರಿಗೆ ಕಲಿಸಿ ದುಡಿಮೆಗೆ ಹಚ್ಚಿದ್ದೇ ಮುಖ್ಯವಾಗಿದ್ದರೆ ಅದು ಸಮಾಜಸೇವೆ. ಎರಡನ್ನೂ ಕಲಸಿ ಬರೆದರೆ ಎರಡೂ ತೆಳುವಾಗುತ್ತವೆ. ಭೌಗೋಳಿಕ ಸೂಚಿಕೆ ಪಡೆದಿರುವ ಕಿನ್ನಾಳದ ಗೊಂಬೆಗಳಂಥ ಕಡೆ ಕಸುಬು ಇಡೀ ಊರಿನದು, ಪದ್ಮ ಮಾತ್ರ ವ್ಯಕ್ತಿಗೆ. ಊರಿನ ಕೀರ್ತಿಯನ್ನು ಎರಡು ಸಾಲಿಗೆ ನಿಲ್ಲಿಸಿ ಆ ವ್ಯಕ್ತಿಯ ಕೈಚಳಕಕ್ಕೆ ಬರಬೇಕು.

ಚಿಕ್ಕದಾದರೂ ದುಬಾರಿಯಾಗುವ ತಪ್ಪು ಇನ್ನೊಂದಿದೆ. ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬಿಸುವಾಗ ಒಟಿಪಿ ಬೇಗ ಬರಲಿ ಎಂದು ಅಂಗಡಿಯವನ ಮೊಬೈಲ್ ನಂಬರನ್ನೇ ಹಾಕಿಬಿಡುತ್ತಾರೆ. ಹೆಸರು ಗಂಭೀರ ಪರಿಶೀಲನೆಗೆ ಬಂದಾಗ ಹಿನ್ನೆಲೆ ವಿಚಾರಿಸುತ್ತಾರೆ, ಘೋಷಣೆಗೆ ಮುನ್ನ ಫೋನ್ ಬರುತ್ತದೆ. ಆಗ ಆ ನಂಬರ್ ಯಾರದೋ ಆಗಿರಬಾರದು. ವಯಸ್ಸಾದವರಿದ್ದರೆ ಮನೆಯಲ್ಲಿ ಫೋನ್ ಎತ್ತುವವರ ನಂಬರ್ ಕೊಡಿ. ಆಧಾರ್‌ನಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಬರೆಯಿರಿ.

ಸರ್ಕಾರಿ ನೌಕರರು, ಸಾರ್ವಜನಿಕ ಉದ್ದಿಮೆಗಳ ನೌಕರರು ಸೇವೆಯಲ್ಲಿರುವವರೆಗೆ ಅರ್ಹರಲ್ಲ. ವೈದ್ಯರು, ವಿಜ್ಞಾನಿಗಳಿಗೆ ಮಾತ್ರ ವಿನಾಯಿತಿ. ವರ್ಷಕ್ಕೆ ಒಟ್ಟು 120 ಪ್ರಶಸ್ತಿ ಮೀರುವಂತಿಲ್ಲ, ಮರಣೋತ್ತರದವು ಮತ್ತು ವಿದೇಶಿಯರು, ಅನಿವಾಸಿ ಭಾರತೀಯರಿಗೆ ಕೊಡುವವು ಈ ಲೆಕ್ಕದ ಹೊರಗೆ. ಸಂಪುಟ ಕಾರ್ಯದರ್ಶಿ ಅಧ್ಯಕ್ಷತೆಯ ಸಮಿತಿ ಆರಿಸಿ ಪ್ರಧಾನಿ, ರಾಷ್ಟ್ರಪತಿಗಳಿಗೆ ಶಿಫಾರಸು ಮಾಡುತ್ತದೆ. ಭಾರತರತ್ನಕ್ಕೆ ಈ ಯಾವ ಅರ್ಜಿಯೂ ಇಲ್ಲ, ಪ್ರಧಾನಿಯವರೇ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡುತ್ತಾರೆ. ಅದನ್ನು ಕೇಳಿಕೊಂಡು ತಹಶೀಲ್ದಾರರ ಬಾಗಿಲಿಗೆ ಹೋಗುವುದರಿಂದ ಆಗುವುದೇನೂ ಇಲ್ಲ.

ಮರಣೋತ್ತರವಾಗಿ ಕೊಡುವುದು ವಿಶೇಷ ಸಂದರ್ಭಗಳಲ್ಲಿ ಮಾತ್ರ. ನಮ್ಮ ಭಾಗಕ್ಕೆ ಇದು ಬಹಳ ಮುಖ್ಯ. ಅಕ್ಷರ ಕಲಿಯದಿದ್ದರೂ ಕುಮಾರರಾಮ, ಬಬ್ಬುಲಿ ನಾಗಿರೆಡ್ಡಿ, ಬಾಲನಾಗಮ್ಮನ ಕಥೆಗಳನ್ನು ರಾತ್ರಿಗಟ್ಟಲೆ ಹಾಡುತ್ತಿದ್ದ ಸಂಡೂರು ತಾಲ್ಲೂಕಿನ ಬುರ್ರಕಥಾ ದರೋಜಿ ಈರಮ್ಮನವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಬಂತು. ಪದ್ಮ ಬರಲಿಲ್ಲ, 2014ರಲ್ಲಿ ಅವರು ತೀರಿಕೊಂಡರು. ಪಕ್ಕದ ಗದುಗಿನ ಪುಟ್ಟರಾಜ ಗವಾಯಿಗಳಿಗೆ ಪದ್ಮಭೂಷಣ ಬಂದದ್ದು 2010ರಲ್ಲಿ, ಅದೇ ಸೆಪ್ಟೆಂಬರ್‌ನಲ್ಲಿ ಅವರು ಲಿಂಗೈಕ್ಯರಾದರು. ಕೊಪ್ಪಳ ತಾಲ್ಲೂಕು ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು 96. ಏಳು ದಶಕ ಆಡಿಸಿದ ಮೇಲೆ! ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದ ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿಯವರು 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದು ದೇಶಕ್ಕೆಲ್ಲ ಗೊತ್ತು. ಅಂದರೆ ದಾರಿ ಮುಚ್ಚಿಲ್ಲ. ಕಲಾವಿದರು ತೊಂಬತ್ತು ದಾಟುವವರೆಗೆ ನಾವು ಕಾಯುತ್ತಿದ್ದೇವೆ, ಅಷ್ಟೇ.

ಪ್ರಶಸ್ತಿ ಬಂದ ಮೇಲೆ ಆಗುವ ತಪ್ಪಿನಲ್ಲಿ ಪತ್ರಿಕೆಗಳ ಪಾಲೂ ಇದೆ, ಮುನಿಸಿಕೊಳ್ಳಬೇಡಿ. ಜಾತ್ರೆಯ ಫ್ಲೆಕ್ಸ್‌ನಿಂದ ಮದುವೆಯ ಲಗ್ನಪತ್ರಿಕೆವರೆಗೆ ಹೆಸರಿನ ಮುಂದೆ ‘ಪದ್ಮಶ್ರೀ’ ಅಂಟಿಸುವುದು ರೂಢಿಯಾಗಿದೆ. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿದೆ. ಬಾಲಾಜಿ ರಾಘವನ್ ಪ್ರಕರಣದಲ್ಲಿ 1995ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಹಾಗಾಗಿಯೇ ಅವು ಊರ್ಜಿತ ಎಂದಿತು. ಆದರೆ ಹೆಸರಿನ ಹಿಂದೆಮುಂದೆ ಬಳಸುವಂತಿಲ್ಲ, ಬಳಸಿದರೆ ಪ್ರಶಸ್ತಿ ಕಳೆದುಕೊಳ್ಳಬೇಕಾದೀತು ಎಂದಿತು. ನೆರೆಯ ತೆಲುಗು ಚಿತ್ರವೊಂದರ ಟೈಟಲ್‌ನಲ್ಲಿ ನಟರ ಹೆಸರಿಗೆ ಪದ್ಮಶ್ರೀ ಸೇರಿಸಿದ್ದು ಹೈಕೋರ್ಟ್‌ವರೆಗೆ ಹೋಗಿತ್ತು. ಅಭಿಮಾನದಿಂದ ಫ್ಲೆಕ್ಸ್ ಹಾಕುವವರು ಒಬ್ಬರು, ತೊಂದರೆ ಅನುಭವಿಸಬೇಕಾದವರು ಪ್ರಶಸ್ತಿ ಪಡೆದ ಹಿರಿಯರು. ‘2025ರಲ್ಲಿ ಪದ್ಮಶ್ರೀ ಪಡೆದ’ ಎಂದು ಸುದ್ದಿಯ ಒಳಗೆ ಬರೆದರೆ ಗೌರವವೇನೂ ಕಡಿಮೆಯಾಗದು.

ಪದ್ಮದ ಗದ್ದಲದಲ್ಲಿ ನಮ್ಮ ಭಾಗಕ್ಕೆ ಹೆಚ್ಚು ಹೊಂದುವ ಇನ್ನೊಂದು ಪದಕ ಮರೆತೇಹೋಗಿದೆ, ಜೀವನ್ ರಕ್ಷಾ ಪದಕ. ತುಂಗಭದ್ರಾ ಎಡದಂಡೆ, ಬಲದಂಡೆ ಕಾಲುವೆಗಳಲ್ಲಿ ಮುಳುಗುತ್ತಿದ್ದವರನ್ನು ಜಿಗಿದು ಎಳೆದು ತಂದ ಕುರಿಗಾಹಿಗಳು, ಹೈಸ್ಕೂಲ್ ಹುಡುಗರು ಎಷ್ಟೋ ಜನ. ನೀರು, ಬೆಂಕಿ, ವಿದ್ಯುತ್ ಅವಘಡ, ಗಣಿ ಅಪಘಾತದಂಥ ಸಂದರ್ಭದಲ್ಲಿ ಮತ್ತೊಬ್ಬರ ಜೀವ ಉಳಿಸಿದವರಿಗೆ ಸರ್ವೋತ್ತಮ, ಉತ್ತಮ, ಜೀವನ್ ರಕ್ಷಾ ಎಂಬ ಮೂರು ದರ್ಜೆಯಲ್ಲಿ ಕ್ರಮವಾಗಿ 2 ಲಕ್ಷ, 1.5 ಲಕ್ಷ, 1 ಲಕ್ಷ ರೂಪಾಯಿ ಕೊಡುತ್ತಾರೆ. ಉಳಿಸಲು ಹೋಗಿ ಪ್ರಾಣ ಬಿಟ್ಟವರಿಗೂ ಇದು ಸಲ್ಲುತ್ತದೆ. ಆದರೆ ಘಟನೆ ನಡೆದು ಎರಡು ವರ್ಷದೊಳಗೆ ರಾಜ್ಯ ಸರ್ಕಾರದ ಮೂಲಕ ಪ್ರಸ್ತಾವ ಹೋಗಬೇಕು. ತಾಲ್ಲೂಕಿನಲ್ಲಿ ಹೂಮಾಲೆ ಹಾಕಿ ಕಳಿಸಿದರೆ ಆ ಎರಡು ವರ್ಷ ಹಾಗೇ ಕಳೆಯುತ್ತದೆ. ಘಟನೆಯಾದ ವಾರದೊಳಗೇ ಪೊಲೀಸ್ ಠಾಣೆಯ ವರದಿ, ಬದುಕುಳಿದವರ ಹೇಳಿಕೆ, ಕಣ್ಣಾರೆ ಕಂಡ ಇಬ್ಬರ ಹೇಳಿಕೆ, ಆಸ್ಪತ್ರೆಗೆ ಸೇರಿಸಿದ್ದರೆ ಅದರ ಚೀಟಿ ಜೋಡಿಸಿ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ನೀರಿನ ಆಳ, ಸೆಳೆತ, ಈಜಿದ ದೂರ ಬರೆದಷ್ಟೂ ಒಳ್ಳೆಯದು. ಉಳಿಸಲು ಹೋದವರ ಜೀವಕ್ಕೆ ಎಷ್ಟು ಅಪಾಯವಿತ್ತು ಎಂಬುದರ ಮೇಲೆ ದರ್ಜೆ ನಿಂತಿದೆ.

ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಬೇಸಿಗೆ ರಜೆಯಲ್ಲಿ ಕಾಲೇಜು ಕನ್ನಡ ಅಧ್ಯಾಪಕರನ್ನು ಸೇರಿಸಿ, 70 ದಾಟಿದ ಕಲಾವಿದರ ಮನೆಗೇ ಹೋಗಿ ಮೇಲಿನ ಪ್ರಶ್ನೆಗಳಿಗೆ ಉತ್ತರ ಬರೆಸಿಕೊಳ್ಳಲಿ. ಹಾಡನ್ನು, ಆಟವನ್ನು ಮೊಬೈಲ್‌ನಲ್ಲಾದರೂ ಚಿತ್ರೀಕರಿಸಲಿ. ಈ ಸಲ ಪ್ರಶಸ್ತಿ ಬಾರದಿದ್ದರೂ ಆ ದಾಖಲೆ ಉಳಿಯುತ್ತದೆ, ಮುಂದಿನ ವರ್ಷ ಮತ್ತೆ ಸಲ್ಲಿಸಲು ಅಡ್ಡಿಯೇನಿಲ್ಲ. ತಮ್ಮ ಪತ್ರಿಕೆಯಿಂದ ಕೇಳಿಕೊಳ್ಳುವುದು ಇಷ್ಟೇ: ಜನವರಿ 26ರಂದು ಪಟ್ಟಿ ಹಾಕುವಂತೆ, ನಾಮನಿರ್ದೇಶನ ಶುರುವಾದ ದಿನ ಮತ್ತು ಮುಗಿಯಲು ಹದಿನೈದು ದಿನ ಇರುವಾಗ ಕೊಪ್ಪಳ, ರಾಯಚೂರು, ಬಳ್ಳಾರಿ ಪುಟಗಳಲ್ಲಿ ಕೊನೆಯ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಹಾಕಿ.

– ಓದುಗ, ಕೊಪ್ಪಳ