ಎದುರು ಮನೆಯ ಮುದುಕಿಗೆ ಅಲ್ಲೇನು ಕೆಲಸ?

ಗೆಳೆಯಾ,

ನಿನ್ನ ಕಾಗದ ಬಂತು. ಕಾಫ್ಕಾನ ‘ದ ಟ್ರಯಲ್’ ಕಾದಂಬರಿ ಓದಿದವರೆಲ್ಲ ಕೋರ್ಟು, ಕಾನೂನು, ದೇವರು ಅಂತ ತಲೆ ಕೆಡಿಸಿಕೊಂಡರೆ ನೀನು ಎದುರು ಮನೆಯ ಮುದುಕಿಗೆ ಅಲ್ಲೇನು ಕೆಲಸ ಅಂತ ಕೇಳಿದ್ದೀಯ. ಮಂಡ್ಯ ಕಡೆಯವರ ಕಣ್ಣೇ ಕಣ್ಣು ಬಿಡು! ನನಗೂ ಅದೇ ಸರಿಯಾದ ಪ್ರಶ್ನೆ ಅನ್ನಿಸುತ್ತದೆ.

ಅವತ್ತು ಕಥಾನಾಯಕ ಜೋಸೆಫ್ ಕೆ.ಗೆ ಮೂವತ್ತು ತುಂಬಿದ ದಿನ. ಏನು ತಪ್ಪು ಅಂತ ಹೇಳದೆಯೇ ಅವನನ್ನು ಬಂಧಿಸುತ್ತಾರೆ. ಬಂಧಿಸುವವರು ಕೋಣೆಗೆ ಬರುವ ಮೊದಲೇ ಆ ಮುದುಕಿ ಕಿಟಕಿಯಿಂದ ಅವನನ್ನು ನೋಡುತ್ತಿರುತ್ತಾಳೆ. ಆಮೇಲೆ ತನಗಿಂತ ಹಣ್ಣಾದ ಒಬ್ಬ ಮುದುಕನನ್ನೂ ಎಳೆದು ತರುತ್ತಾಳೆ. ಅವರ ಬೆನ್ನ ಹಿಂದೆ ಕೆಂಚು ಗಡ್ಡದ ಮೂರನೆಯವನು. ಕೆ. ರೇಗಿ, ಅತ್ತ ಹೋಗಿ ಅಂತ ಕೂಗಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ಅಷ್ಟೇ. ವರ್ಷ ಕಳೆದು ಕಲ್ಲುಗಣಿಯಲ್ಲಿ ಅವನನ್ನು ಕೊಲ್ಲುವ ಹೊತ್ತಿಗೂ ದೂರದ ಮನೆಯ ಮೇಲಂತಸ್ತಿನಲ್ಲಿ ಒಂದು ಕಿಟಕಿ ತೆರೆಯುತ್ತದೆ. ಯಾರೋ ಬಾಗಿ ಕೈ ಚಾಚುತ್ತಾರೆ. ಸ್ನೇಹಿತನೋ, ಸುಮ್ನೆ ನೋಡುವವನೋ, ಅವನಿಗೆ ತಿಳಿಯುವುದೇ ಇಲ್ಲ. ಕಾಫ್ಕಾ ಇದನ್ನು ಬರೆದದ್ದು 1914-15ರಲ್ಲಿ, ಅಚ್ಚಾದದ್ದು ಅವನು ಸತ್ತ ಮರುವರ್ಷ, 1925ರಲ್ಲಿ. ಕೆ.ಯನ್ನು ನೋಡುವವರು ಗೂಢಚಾರರಲ್ಲ, ಅಕ್ಕಪಕ್ಕದವರು. ಅವರಿಗೆ ಅವನ ಮೇಲೆ ದ್ವೇಷವೂ ಇಲ್ಲ. ಅದೇ ಜಾಸ್ತಿ ಹೆದರಿಸುವುದು.

ದಾಸ್ತೋವ್‌ಸ್ಕಿಯ 1864ರ ‘ನೋಟ್ಸ್ ಫ್ರಮ್ ಅಂಡರ್‌ಗ್ರೌಂಡ್’ ನಿನ್ನ ಹತ್ತಿರ ಇದೆಯಲ್ಲ, ಅದರ ಆಳು ಅಪೊಲೋನ್‌ನನ್ನು ಇನ್ನೊಮ್ಮೆ ನೋಡು. ಯಜಮಾನ ಹಟಕ್ಕೆ ಸಂಬಳ ತಡೆಹಿಡಿದಿದ್ದಾನೆ. ಅಪೊಲೋನ್ ಬಾಯಿಬಿಟ್ಟು ಕೇಳುವುದಿಲ್ಲ. ಒಳಗೆ ಬಂದು ನಿಂತು ನೋಡುತ್ತಾನೆ, ಹೋಗುತ್ತಾನೆ, ಮತ್ತೆ ಬರುತ್ತಾನೆ. ಕಿರುಚಾಡಿ ಸೋಲುವವನು ಯಜಮಾನನೇ. ನನ್ನ ಕೇಳಿದರೆ, ಸಾರ್ತ್ರನ ‘ನೋ ಎಕ್ಸಿಟ್’ ನಾಟಕಕ್ಕಿಂತ (1944) ಈ ನಾಲ್ಕಾರು ಪುಟ ಮೇಲು. ಆ ನಾಟಕದ ನರಕದ ಕೋಣೆಯಲ್ಲಿ ಕನ್ನಡಿಯಿಲ್ಲ, ದೀಪ ಆರುವುದಿಲ್ಲ, ಸೇವಕ ರೆಪ್ಪೆ ಬಡಿಯುವುದಿಲ್ಲ. ಚೆನ್ನಾಗಿದೆ. ಆದರೆ ಕೊನೆಗೆ ಬೇರೆಯವರೇ ನರಕ ಅಂತ ಬಾಯಿಬಿಟ್ಟು ಹೇಳಿಸಬೇಕಿತ್ತಾ?

ಕಮೂನ ‘ದ ಸ್ಟ್ರೇಂಜರ್’ (1942) ನನಗೆ ಹತ್ತಿರವಾದದ್ದು ಕಾಫಿಯಿಂದ. ತಾಯಿಯ ಹೆಣ ಕಾಯುವ ರಾತ್ರಿ ವೃದ್ಧಾಶ್ರಮದ ಮುದುಕರೆಲ್ಲ ಎದುರು ಬಂದು ಕೂರುತ್ತಾರೆ. ತನ್ನನ್ನು ವಿಚಾರಿಸೋಕೆ ಬಂದವರೇ ಇವರು ಅಂತ ಕಥಾನಾಯಕ ಮ್ಯೂರ್ಸೋಗೆ ಒಂದು ಕ್ಷಣ ಅನ್ನಿಸುತ್ತದೆ. ಕಾವಲುಗಾರ ತಂದುಕೊಟ್ಟ ಹಾಲು ಹಾಕಿದ ಕಾಫಿ ಕುಡಿಯುತ್ತಾನೆ. ಮುಂದೆ ಅವನ ಮೇಲಿನ ಕೊಲೆ ಕೇಸಿನಲ್ಲಿ ಆ ಕಾಫಿಯೇ ಸಾಕ್ಷಿಗೆ ಬರುತ್ತದೆ! ನಮ್ಮ ಕಡೆ ಸಾವಿನ ಮನೆಗೆ ಪಕ್ಕದ ಮನೆಯವರೇ ಕಾಫಿ ಕಾಸಿ ತರುತ್ತಾರೆ, ಕುಡಿದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಯಾರು ಅತ್ತರು, ಯಾರು ಅಳಲಿಲ್ಲ ಅನ್ನುವ ಲೆಕ್ಕ ತಿಥಿ ಮುಗಿದ ಮೇಲೂ ಇರುತ್ತದೆ, ಅಲ್ವಾ?

ನನಗೆ ಹೇಳಬೇಕಾದದ್ದು ಇಲ್ಲಿಂದ. ಆ ಪುಸ್ತಕಗಳಲ್ಲಿ ಮನುಷ್ಯ ಒಂಟಿಯಾಗುವುದು ಗುರುತಿಲ್ಲದವರು ನೋಡಿದಾಗ. ನಮ್ಮಲ್ಲಿ ಹಾಗಲ್ಲ. ‘ಸಂಸ್ಕಾರ’ದ (1965) ಪ್ರಾಣೇಶಾಚಾರ್ಯ ಮೇಳಿಗೆ ಜಾತ್ರೆಯಲ್ಲಿ, ದಾರಿಯಲ್ಲಿ ಜೊತೆಯಾದ ಪುಟ್ಟನೊಂದಿಗೆ ಅಲೆಯುವಾಗ ಕಂಗೆಡುವುದು ಗುರುತಿಲ್ಲದವರ ಕಣ್ಣಿಗಲ್ಲ. ಹೆಂಡತಿ ಸತ್ತ ಸೂತಕದಲ್ಲಿ ದೇವಸ್ಥಾನದ ಪಂಕ್ತಿಯಲ್ಲಿ ಕೂತವನು, ಇವರು ದೂರ್ವಾಸಪುರದ ಆಚಾರ್ಯರಲ್ಲವೇ ಅಂತ ಯಾರಾದರೂ ಅಂದುಬಿಟ್ಟರೆ ಅಂತ ನಡುಗುತ್ತಾನೆ. ಅನಂತಮೂರ್ತಿ ಅದನ್ನು ಬರೆದದ್ದು ಇಲ್ಲಿ ಮೈಸೂರಿನಲ್ಲಿ ಅಲ್ಲ, ದೂರದ ಬರ್ಮಿಂಗ್‌ಹ್ಯಾಮಿನಲ್ಲಿ. ಗುರುತಿನವರ ಕಣ್ಣಿನ ಭಾರ ಗೊತ್ತಾಗೋಕೆ ಅಷ್ಟು ದೂರ ಹೋಗಬೇಕಿತ್ತೇನೋ. ಚಿತ್ತಾಲರ ‘ಶಿಕಾರಿ’ಯ ನಾಗಪ್ಪನೂ ಅಷ್ಟೇ. ಮುಂಬಯಿಯಂಥ ಊರಿನಲ್ಲಿದ್ದರೂ ಬಲೆ ಹಾಕುವವರು ಪರಿಚಯದವರೇ.

ನಿಮ್ಮೂರ ಅರಳಿಕಟ್ಟೆಯ ಮುಂದೆ ಹೊಸಬ ಹಾದುಹೋದರೆ ‘ಯಾರ ಮಗನಪ್ಪಾ?’ ಅಂತ ಕೇಳ್ತಾರಲ್ಲ, ಉತ್ತರ ಸಿಕ್ಕಿದರೆ ಅವರಿಗೆ ಸಮಾಧಾನ. ಕೆ.ಯನ್ನು ಆ ಮುದುಕಿ ಹಾಗೊಮ್ಮೆ ಕೇಳಿದ್ದರೆ ಕಾದಂಬರಿಯೇ ನಡೆಯುತ್ತಿರಲಿಲ್ಲ. ಆಚಾರ್ಯರ ಮಟ್ಟಿಗೆ ಅದೇ ಪ್ರಶ್ನೆ ಉರುಳು.

ಇಲ್ಲಿ ನಮ್ಮ ಬೀದಿಯಲ್ಲಿ ಏಳುತ್ತಿರುವ ಮನೆಯೊಂದರ ಸಾರುವೆಗೆ ದೃಷ್ಟಿಬೊಂಬೆ ಕಟ್ಟಿದ್ದಾರೆ. ಕೆಂಪು ನಾಲಿಗೆ, ತಟ್ಟೆಯಗಲ ಕಣ್ಣು. ಅದರ ಪಕ್ಕದಲ್ಲೇ ಒಂದು ಸಿಸಿ ಕ್ಯಾಮೆರಾ. ಬೊಂಬೆ ನೋಡುವವರ ಕಣ್ಣು ತಡೆಯೋಕೆ, ಕ್ಯಾಮೆರಾ ನೋಡೋಕೆ. ಕಾಫ್ಕಾನಿಗೆ ತೋರಿಸಿದ್ದರೆ ಬೊಂಬೆಯನ್ನೇ ಇಟ್ಟುಕೊಳ್ಳುತ್ತಿದ್ದ ಅಂತ ನನ್ನ ಪಂದ್ಯ.

ಒಂದು ಮಾತ್ರ ನನ್ನ ಲೆಕ್ಕಕ್ಕೆ ಸಿಕ್ಕುತ್ತಿಲ್ಲ. ಮ್ಯೂರ್ಸೋನ ವಿಚಾರಣೆಗೆ ಬಂದ ಪತ್ರಕರ್ತರಲ್ಲಿ ಒಬ್ಬ ಹುಡುಗ ಪೆನ್ನು ಮುಟ್ಟದೆ ಅವನನ್ನೇ ನೋಡುತ್ತಾನೆ. ತನ್ನನ್ನು ತಾನೇ ನೋಡಿಕೊಳ್ಳುತ್ತಿರುವ ಹಾಗೆ ಮ್ಯೂರ್ಸೋಗೆ ಅನ್ನಿಸುತ್ತದೆ. ಅವನು ಗುರುತಿನವನೂ ಅಲ್ಲ, ಪರಕೀಯನೂ ಅಲ್ಲ. ಆ ಪುಟ ಓದಿ, ನಿನಗೇನು ಅನ್ನಿಸಿತು ಬರಿ. ಕಬ್ಬು ಕಡಿಸುವ ಗಡಿಬಿಡಿ ಮುಗಿದ ಮೇಲಾದರೂ ಸರಿ.

ಇಂತಿ ನಿನ್ನವನು,
ಮೈಸೂರಿನಿಂದ