ಜಾತಕದ ಜೊತೆ ರಕ್ತದ ವರದಿಯೂ ಇರಲಿ

ಮುಲುಂಡ್ ಕನ್ನಡ ಬಳಗದವರಿಗೆ ನಮಸ್ಕಾರ. ಮನೆಯಲ್ಲಿ ಮದುವೆ ಮಾತುಕತೆ ನಡೆಯುತ್ತಿದ್ದರೆ ಹುಡುಗ, ಹುಡುಗಿ ಇಬ್ಬರಿಗೂ ಥಲಸ್ಸೇಮಿಯಾ (ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ) ಪರೀಕ್ಷೆ ಮಾಡಿಸಿ. ಲ್ಯಾಬಿನಲ್ಲಿ ಎಚ್‌ಬಿಎ2 ರಕ್ತ ಪರೀಕ್ಷೆ ಅಂತ ಕೇಳಿ.

ವಾಹಕರು, ಅಂದರೆ ಈ ಕಾಯಿಲೆಯ ದೋಷ ಅಪ್ಪ ಅಮ್ಮನಲ್ಲಿ ಒಬ್ಬರಿಂದ ಮಾತ್ರ ಬಂದವರು, ಆರಾಮಾಗಿಯೇ ಇರುತ್ತಾರೆ, ಅದಕ್ಕೇ ಗೊತ್ತಾಗುವುದಿಲ್ಲ. ಒಬ್ಬರು ಮಾತ್ರ ವಾಹಕರಾಗಿದ್ದು ಇನ್ನೊಬ್ಬರ ವರದಿ ಪೂರ್ತಿ ಸರಿಯಿದ್ದರೆ ಹೆದರಬೇಡಿ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಥಲಸ್ಸೇಮಿಯಾ ಮೇಜರ್ (ಆಗಾಗ ರಕ್ತ ಕೊಡಿಸಬೇಕಾದ ತೀವ್ರ ರೂಪ) ಬರುವ ಸಾಧ್ಯತೆ ಶೇ. 25. "ಮೊದಲನೆಯದಕ್ಕೆ ಬಂತು, ಇನ್ನು ಮೂರಕ್ಕೆ ಬರಲ್ಲ" ಅನ್ನುವ ಲೆಕ್ಕ ತಪ್ಪು. ಪ್ರತಿ ಸಲವೂ ಡಬ್ಬಿಯಿಂದ ಹೊಸದಾಗಿ ಚೀಟಿ ಎತ್ತಿದ ಹಾಗೆ.

ನಮ್ಮ ಮೇಲಿನ ಮಹಡಿಯ ಪುಟ್ಟ ಹುಡುಗನಿಗೆ ಮೂರು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಲಿಫ್ಟಿನಲ್ಲಿ ಸಿಕ್ಕರೆ ಪಟ್ಟಿ ತೋರಿಸಿ, "ಅಜ್ಜಿ, ಇವತ್ತು ಎಡಗೈ" ಅನ್ನುತ್ತಾನೆ.

ಈಗಾಗಲೇ ಬಸಿರಾಗಿರುವವರು ತಡಮಾಡದೆ ಡಾಕ್ಟರ ಹತ್ತಿರ ಕೇಳಿ.