ಮಂಗಳ ಗ್ರಹದಲ್ಲಿ ಕರಾವಳಿಯ ಬಿರುಗಾಳಿ

ಮಾನ್ಯ ಸಂಪಾದಕರೇ,

ವಿಜ್ಞಾನ ಕಥೆಗಳಲ್ಲಿ ವಿಜ್ಞಾನದ ತಪ್ಪು ಹುಡುಕುವುದು ಕಥೆಗಾರರ ಸ್ವಾತಂತ್ರ್ಯಕ್ಕೆ ಅಡ್ಡಗಾಲು ಎಂಬ ಮಾತು ಭಾನುವಾರದ ಪುರವಣಿಯಲ್ಲಿತ್ತು. ಅರ್ಧ ಮಾತ್ರ ಒಪ್ಪಬಹುದು. ಬೆಳಕನ್ನು ಮೀರಿಸುವ ನೌಕೆಯನ್ನೋ ಕಾಲಯಂತ್ರವನ್ನೋ ಕಲ್ಪಿಸಬಾರದೆಂದರೆ ಈ ಪ್ರಕಾರವೇ ಉಳಿಯದು. ಎಚ್.ಜಿ. ವೆಲ್ಸ್ 1895ರ ‘ದಿ ಟೈಮ್ ಮಷೀನ್’ ಕಾದಂಬರಿಯಲ್ಲಿ ಯಂತ್ರದ ಒಳಗುಟ್ಟನ್ನು ಬಿಡಿಸಿ ಹೇಳುವ ಗೋಜಿಗೇ ಹೋಗಲಿಲ್ಲ. ಆದರೆ ಅದು ಕಾಲದಲ್ಲಿ ಮಾತ್ರ ಚಲಿಸುತ್ತದೆ, ನಿಂತ ಜಾಗದಿಂದ ಕದಲುವುದಿಲ್ಲ ಎಂದು ತಾವೇ ಹಾಕಿಕೊಂಡ ಕಟ್ಟಳೆಯನ್ನು ಕೊನೆವರೆಗೂ ಮುರಿಯಲಿಲ್ಲ. (ಭೂಮಿಯೇ ಓಡುತ್ತಿದೆಯಲ್ಲ ಎಂಬ ತಕರಾರು ಬೇರೆ.) ಭವಿಷ್ಯದಲ್ಲಿ ಮಾರ್ಲಾಕ್‌ಗಳೆಂಬ ನೆಲದಡಿಯ ಜೀವಿಗಳು ಯಂತ್ರವನ್ನು ಬೇರೆಡೆಗೆ ಸಾಗಿಸಿದ್ದರಿಂದ, ಹಿಂದಿರುಗಿದಾಗ ಅದು ಪ್ರಯೋಗಶಾಲೆಯ ಬೇರೊಂದು ಮೂಲೆಯಲ್ಲಿ ನಿಲ್ಲುತ್ತದೆ, ಅವರು ಸರಿಸಿದಷ್ಟೇ ದೂರದಲ್ಲಿ!

ನಮ್ಮ ತಕರಾರು ಮಂಗಳ ಗ್ರಹವೆಂದು ಹೆಸರಿಟ್ಟು ಕರಾವಳಿಯ ಬಿರುಗಾಳಿ ಬೀಸಿಸುವ ಕಥೆ, ಸಿನಿಮಾಗಳ ಬಗ್ಗೆ. ಅಲ್ಲಿನ ಗಾಳಿ ಘನ ಮೀಟರಿಗೆ ಸುಮಾರು 20 ಗ್ರಾಂ ತೂಗುತ್ತದೆ. ನಮ್ಮ ಸಮುದ್ರಮಟ್ಟದಲ್ಲಿ ಸುಮಾರು 1,200 ಗ್ರಾಂ. ಬೀಸುವ ಗಾಳಿ ತಳ್ಳುವ ಬಲ ಅದರ ಸಾಂದ್ರತೆಗೂ ವೇಗದ ವರ್ಗಕ್ಕೂ ತಕ್ಕಂತೆ ಏರುವುದರಿಂದ, ಅಲ್ಲಿನ ಗಂಟೆಗೆ 100 ಕಿ.ಮೀ. ಬಿರುಗಾಳಿಯೂ ಇಲ್ಲಿನ 13 ಕಿ.ಮೀ. ಗಾಳಿಯಷ್ಟೇ ತಳ್ಳುತ್ತದೆ. ರಾಕೆಟ್ ಉರುಳದು. ಅಲ್ಲಿನ ನಿಜವಾದ ಖಳ ದೂಳು. ಅದು ವಾರಗಟ್ಟಲೆ ಬಿಸಿಲನ್ನೇ ಮುಚ್ಚಿಬಿಡಬಲ್ಲದು. ಸೌರಫಲಕಗಳನ್ನೇ ನಂಬಿ ಅಲ್ಲಿ ಓಡಾಡುತ್ತಿದ್ದ ನಾಸಾದ ಆಪರ್ಚುನಿಟಿ ರೋವರ್ 2018ರಲ್ಲಿ ಮೌನವಾದದ್ದು ಅಂಥದೊಂದು ದೂಳಿನ ಬಿರುಗಾಳಿಯಲ್ಲೇ.

ಇನ್ನು ಮಾತುಕತೆ. ಭೂಮಿಯಿಂದ ಮಂಗಳಕ್ಕೆ ರೇಡಿಯೊ ಸಂಕೇತ ತಲುಪಲು, ಗ್ರಹಗಳ ದೂರಕ್ಕೆ ತಕ್ಕಂತೆ, 3ರಿಂದ 22 ನಿಮಿಷ ಬೇಕು. ಉತ್ತರಕ್ಕೆ ಮತ್ತಷ್ಟೇ ಹೊತ್ತು. ಪಾತ್ರಗಳೋ ಪಕ್ಕದ ಮನೆಯವರಂತೆ ಎದುರುತ್ತರ ಕೊಟ್ಟುಕೊಳ್ಳುತ್ತವೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನದ ಎಂಜಿನ್ ಉರಿಸುವ ಆದೇಶಗಳನ್ನು ಮೊದಲೇ ನೌಕೆಗೆ ಕಳಿಸಿಡಲಾಗಿತ್ತು. ನೌಕೆ ಗ್ರಹದ ಮರೆಗೆ ಸರಿದಿತ್ತು. ಹೊರಬಂದು ಸುದ್ದಿ ಕಳಿಸಿದ ಮೇಲೂ ಅದು ಭೂಮಿಗೆ ಮುಟ್ಟಲು ಸುಮಾರು 12 ನಿಮಿಷ. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿದ್ದವರು ಏನನ್ನೂ ಮಾಡಲಾಗದೆ ಕಾಯಬೇಕಿತ್ತು. ಇಂಥ ಕಾಯುವಿಕೆಯನ್ನು ಸ್ವಾತಂತ್ರ್ಯದ ಹೆಸರಲ್ಲಿ ಕೈಬಿಡುವ ಕಥೆಗಾರ ಕಥೆಯ ರಸವನ್ನೇ ಚೆಲ್ಲುತ್ತಾನೆ.

ಸಿನಿಮಾದವರು ಖರ್ಚಿನ ನೆಪ ಹೇಳುವುದುಂಟು. ಚಕ್ರದಂತೆ ತಿರುಗುತ್ತ ಒಳಗಿದ್ದವರಿಗೆ ಗುರುತ್ವದ ಅನುಭವ ಕೊಡುವ ಬಾಹ್ಯಾಕಾಶ ನಿಲ್ದಾಣವನ್ನೇ ನೋಡಿ. ಭೂಮಿಯಷ್ಟೇ ಗುರುತ್ವ ಬೇಕಿದ್ದರೆ 10 ಮೀಟರ್ ತ್ರಿಜ್ಯದ ಚಕ್ರ ನಿಮಿಷಕ್ಕೆ ಒಂಬತ್ತೂವರೆ ಸುತ್ತು ಸುತ್ತಬೇಕು. ಒಳಗಿದ್ದವರು ಕತ್ತು ಹೊರಳಿಸಿದರೂ ತಲೆಸುತ್ತು. 2 ಸುತ್ತಿಗೆ ಇಳಿಸಿದರೆ ತ್ರಿಜ್ಯ 224 ಮೀಟರ್ ಆಗುತ್ತದೆ. ಅಷ್ಟು ದೊಡ್ಡ ಸೆಟ್ ಆಗದೆಂದರೆ ಗುರುತ್ವವನ್ನು ಚಂದ್ರನಷ್ಟಕ್ಕೆ ಇಳಿಸಲಿ: ಅದೇ 10 ಮೀಟರ್ ಚಕ್ರಕ್ಕೆ ನಾಲ್ಕು ಸುತ್ತು ಸಾಕು. ಆಗ ನಟರ ನಡಿಗೆ, ಲೋಟಕ್ಕೆ ನೀರು ಸುರಿಯುವ ರೀತಿ ಎಲ್ಲವನ್ನೂ ಹೊಸದಾಗಿ ಯೋಚಿಸಬೇಕಾಗುತ್ತದೆ.

– ವಿಜ್ಞಾನ ಕಥೆಗಳ ಓದುಗರು, ಧಾರವಾಡ